ಕೋಣನ ಬೆನ್ನಿನ ಮೇಲೆ ರೇಂಜ್

ಸಾಲಹಳ್ಳಿಯ ನೇಕಾರ ಓಣಿಯಲ್ಲಿ ನಿಜಗುಣಪ್ಪನ ಕಿವಿಯಂಥ ಕಿವಿ ಇನ್ನೊಂದು ಜೊತೆ ಇರಲಿಲ್ಲ. ಹನ್ನೆರಡು ಪವರ್‌ಲೂಮುಗಳು ಒಟ್ಟಿಗೆ ಖಟಾ ಖಟ್, ಖಟಾ ಖಟ್ ಎಂದು ಗೋಡೆಯ ಸುಣ್ಣ ಉದುರಿಸುತ್ತಿದ್ದರೂ ಅವನು ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಹಾಲು ಕುಡಿದ ಕೂಸಿನಂತೆ ಮಲಗುತ್ತಿದ್ದ. ಹಿಟ್ಟಿನ ಗಿರಣಿ, ಟ್ರ್ಯಾಕ್ಟರು, ಗುಡುಗು, ಯಾವುದೂ ಅವನ ನಿದ್ದೆಯ ಅಂಚನ್ನೂ ಮುಟ್ಟುತ್ತಿರಲಿಲ್ಲ. ಆದರೆ ಮನುಷ್ಯನ ದನಿ ಬಿದ್ದರೆ ಮಾತ್ರ ಮುಗಿಯಿತು. ಯಾರಾದರೂ ಪಕ್ಕದಲ್ಲಿ ನಿಂತು "ಊಟ ಆತನು?" ಎಂದರೆ ಸಾಕು, ಹುಳುಕು ಹಲ್ಲಿಗೆ ತಣ್ಣೀರು ತಾಗಿದವನಂತೆ ಮುಖ ಹಿಂಡುತ್ತಿದ್ದ.

ಒಮ್ಮೆ ರಾಮದುರ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ. ಅವರು ಕಿವಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, "ಭಾಳ ಛಲೋ ಅದಾವ ನಿನ್ನ ಕಿವಿ" ಎಂದರು.

"ಅದ ತ್ರಾಸ ಆಗೈತ್ರಿ ನನಗ," ಎಂದ ನಿಜಗುಣಪ್ಪ.

ಡಾಕ್ಟರರು ಗಟ್ಟಿಯಾಗಿ ನಕ್ಕರು. ಅವನು ಕಿವಿ ಮುಚ್ಚಿಕೊಂಡು ಎದ್ದು ಬಂದ.

ಹಾಗೆ ನೋಡಿದರೆ ಮಗ್ಗ ನಡೆಯುತ್ತಿರುವಾಗ ಆ ಓಣಿಯಷ್ಟು ಶಾಂತವಾದ ಜಾಗ ತಾಲೂಕಿನಲ್ಲೇ ಇರಲಿಲ್ಲ. ಆ ಸಪ್ಪಳದಲ್ಲಿ ಕೂಗಿದರೂ ಕೇಳದು ಎಂದು ಮಗ್ಗದವರು ದನಿಯನ್ನೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುವುದನ್ನು ಕಲಿತಿದ್ದರು. ಮೊದಲನೆಯ ಮಗ್ಗದವನು ತುಟಿ ಆಡಿಸಿದರೆ ಹನ್ನೆರಡನೆಯ ಮಗ್ಗದವನಿಗೆ ಅವನ ಮನೆಗೆ ಬೀಗರು ಬಂದದ್ದು, ಬಂದವರು ಇನ್ನೂ ಹೋಗದೆ ಇರುವುದು, ಎರಡೂ ತಿಳಿಯುತ್ತಿತ್ತು. ಈ ತುಟಿಮಾತಿನಲ್ಲಿ ಎಲ್ಲರನ್ನೂ ಮೀರಿಸಿದವಳು ನಿಜಗುಣಪ್ಪನ ಹೆಂಡತಿ ದೇವಕ್ಕ. ಶೆಡ್ಡಿನ ಬಾಗಿಲಲ್ಲಿ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತಲೇ, ಆಚೆ ತುದಿಯಲ್ಲಿ ಯಾರು ಯಾರನ್ನು ಏನೆಂದು ಬೈದರು ಎಂಬುದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಓಣಿಯ ಹೆಂಗಸರು ಆಕೆ ಎಲ್ಲೋ ದೂರದಲ್ಲಿ ಬರುತ್ತಿದ್ದರೂ ಸರಿ, ಗುಟ್ಟು ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಕಷ್ಟ ಶುರುವಾಗುತ್ತಿದ್ದುದು ಕರೆಂಟು ಹೋದಾಗ. ಮಗ್ಗ ನಿಂತ ಗಳಿಗೆಯಲ್ಲಿ ಎಲ್ಲರಿಗೂ ಗಂಟಲು ನೆನಪಾಗುತ್ತಿತ್ತು. ಮೊದಲೇ ಸಪ್ಪಳಕ್ಕೆ ಅರ್ಧ ಕಿವುಡಾದ ಮಂದಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವನಿಗೆ ಸುಣ್ಣ ಕೇಳಬೇಕಾದರೂ ಮಲಪ್ರಭೆಯ ಆಚೆ ದಂಡೆಯವನನ್ನು ಕರೆದ ಹಾಗೆ ಕರೆಯುತ್ತಿದ್ದರು. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ಆರರವರೆಗೆ ದಿನಾಲೂ ಲೋಡ್ ಶೆಡ್ಡಿಂಗ್ ಎಂದು ಗೊತ್ತಾಯಿತು. ಊರಿನ ಕರೆಂಟು ಹೋಗುತ್ತಿತ್ತು, ನಿಜಗುಣಪ್ಪನಿಗೆ ಶಾಕ್ ಹೊಡೆಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಶಾಕು ಪಕ್ಕದ ಮನೆಯ ಸಾವಂತ್ರೆವ್ವ. ಆಕೆ ಒಲೆಯ ಮುಂದೆ ಕುಳಿತು ತನ್ನಷ್ಟಕ್ಕೆ ತಾನು ಗೊಣಗಿದರೆ ಬಸ್ ಸ್ಟ್ಯಾಂಡಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಒಂದು ಸಲ ನಿಜಗುಣಪ್ಪ ಧೈರ್ಯ ಮಾಡಿ, "ಕಾಕು, ಒಂಚೂರು ಸಣ್ಣಗ ಮಾತಾಡ್ರಲ" ಎಂದಿದ್ದ. ಆಕೆ ಸಿಟ್ಟಿಗೆದ್ದು ಎರಡು ದಿನ ಮಾತು ಬಿಟ್ಟಳು. ಆ ಎರಡು ದಿನಗಳನ್ನು ನಿಜಗುಣಪ್ಪ ತನ್ನ ಮದುವೆಯ ದಿನಕ್ಕಿಂತ ಹೆಚ್ಚಾಗಿ ನೆನೆಯುತ್ತಿದ್ದ. ಮೂರನೆಯ ದಿನ ಆಕೆ ಕಟ್ಟೆಯ ಮೇಲೆ ನಿಂತು, "ಬಾಯಿ ಮುಚ್ಚು ಅಂದ ನನಗ, ಮಗನ ವಾರಿಗಿಯಾವ" ಎಂದು ಇಡೀ ಓಣಿಗೆ ಸಾರಿದಳು. ಎರಡು ದಿನದ ಬಾಕಿಯೂ ಅದರಲ್ಲೇ ಸೇರಿತ್ತು. ಅಂದಿನಿಂದ ಅವನು ಯಾರಿಗೂ ಏನೂ ಹೇಳುವ ಗೋಜಿಗೆ ಹೋಗಲಿಲ್ಲ. ಎರಡು ಗಂಟೆಗೆ ಮಗ್ಗ ನಿಂತರೆ ಟವೆಲ್ಲು ಹೆಗಲಿಗೆ ಹಾಕಿ, ಓಣಿಯ ಹಿಂದಿನ ಗುಡ್ಡ ಹತ್ತತೊಡಗಿದ.

ಗುಡ್ಡ ದೊಡ್ಡದೇನಲ್ಲ. ಒಂದು ಬೀಡಿ ಸೇದುವುದರೊಳಗೆ ಹತ್ತಬಹುದು. ಮೇಲೆ, ಮಲಗಿದ ಕೋಣನಂತಿರುವ ಒಂದು ಬಂಡೆ. ಅದಕ್ಕೆ ಕೋಣನ ಬೆನ್ನು ಎಂದೇ ಹೆಸರು. ಸುತ್ತ ಬಂದರಿಕಿ ಗಿಡ, ಕವಳಿ ಕಂಟಿ, ಒಂದು ಮುಪ್ಪಾದ ಜಾಲಿ. ಆ ಜಾಲಿಯ ನೆರಳು ಬಂಡೆಯ ಮೇಲೆ ಸರಿಯಾಗಿ ಒಬ್ಬ ಮನುಷ್ಯನ ಅಳತೆಗೆ ಬೀಳುತ್ತಿತ್ತು. ಅಲ್ಲಿ ಕುಳಿತರೆ ಗಾಳಿ ಬಂದರಿಕಿಯ ಒಣ ಕಾಯಿಗಳನ್ನು ಗಿಲಿಗಿಲಿ ಆಡಿಸುವುದು ಕೇಳುತ್ತಿತ್ತು. ಕವಜುಗ ಹಕ್ಕಿಗಳು ಕಂಟಿಯೊಳಗಿಂದ ಒಂದರ ಹಿಂದೆ ಒಂದು, ಸಾಲೆ ಬಿಟ್ಟ ಮಕ್ಕಳ ಹಾಗೆ, ಆದರೆ ಮಕ್ಕಳ ಹಾಗೆ ಚೀರದೆ, ಓಡಿ ಹೋಗುತ್ತಿದ್ದವು. ಎದುರಿನ ಕಲ್ಲಿನ ಮೇಲೆ ಕೆಂಪು ಗಂಟಲಿನ ಒಂದು ಓತಿಕ್ಯಾತ ಬಂದು ಕುಳಿತು ಮೇಲೆ ಕೆಳಗೆ ತಲೆ ಆಡಿಸುತ್ತಿತ್ತು. ಬಾಯಿ ತೆರೆಯದೆ ಬರೀ ಹೂಂ ಎಂದು ತಲೆ ಆಡಿಸುವ ಜೀವವನ್ನು ನಿಜಗುಣಪ್ಪ ಜನ್ಮದಲ್ಲಿ ಮೊದಲ ಸಲ ಕಂಡಿದ್ದ. ಅದರ ಮೇಲೆ ಅವನಿಗೆ ಗೌರವ ಹುಟ್ಟಿತು.

ಒಬ್ಬ ಮನುಷ್ಯ ಸುಮ್ಮನೆ ಕುಳಿತರೆ ಸುಮ್ಮನಿರುವ ಊರು ಯಾವುದಿದೆ? ಹದಿನೈದು ದಿನದಲ್ಲಿ ಓಣಿ ನಾಲ್ಕು ಪಕ್ಷವಾಯಿತು. ಗುಡ್ಡದಲ್ಲಿ ನಿಧಿ ಸಿಕ್ಕಿದೆ ಎಂದು ಒಂದು ಪಕ್ಷ. ಸನ್ಯಾಸ ತಗೊಳ್ಳುತ್ತಾನೆ ಎಂದು ಇನ್ನೊಂದು. ಮೂರನೆಯ ಪಕ್ಷ ಅವನ ಬಾಯಿ ಮೂಸಿ ನೋಡಿ ನಿರಾಸೆಗೊಂಡಿತು. ನಾಲ್ಕನೆಯದು ಸಾವಂತ್ರೆವ್ವನ ಪಕ್ಷ. "ಮನ್ಯಾಗ ಹೇಣ್ತಿ ಜೋಡಿ ಬರೋಬ್ಬರಿ ಇಲ್ಲ. ಇಲ್ಲಂದ್ರ ಯಾವ ಗಂಡಸ ಊಟ ಮಾಡಿ ಬಂಡಿಗಲ್ಲ ಮ್ಯಾಲ ಹೋಗಿ ಕುಂದರತಾನ?" ಎಂದು ಆಕೆ ದೇವಕ್ಕನ ಮುಂದೆಯೇ ಕೇಳಿದಳು.

ದೇವಕ್ಕ ಕಡಿಮೆ ಮಾತಿನವಳು. ಆ ದಿನ ಮಾತ್ರ ಗಂಡ ಗುಡ್ಡ ಇಳಿದು ಬಂದಾಗ, "ಮಂದಿ ಕೇಳಾಕ ಹತ್ಯಾರ. ಏನರ ಒಂದ ಹೇಳಿಬಿಡ" ಎಂದಳು.

ಏನು ಹೇಳುವುದು? ನಿಮ್ಮ ದನಿ ತಡೆಯದೆ ಓಡಿ ಹೋಗುತ್ತೇನೆ ಎಂದರೆ ಅದನ್ನು ಖಂಡಿಸಲು ಮತ್ತೆ ಅದೇ ದನಿಗಳು ಮನೆಗೆ ಬರುತ್ತವೆ. ಈ ಯೋಚನೆಯಲ್ಲಿದ್ದಾಗಲೇ ಮರುದಿನ ಗುಡ್ಡದ ಬುಡದಲ್ಲಿ ಹಣಮಂತಪ್ಪ ಅಡ್ಡ ನಿಂತ. ಹನ್ನೆರಡು ಮಗ್ಗದ ಮಾಲಕ, ಮೇಲಾಗಿ ಪಂಚಾಯ್ತಿ ಮೆಂಬರು. ಮೆಂಬರಾದ ಮೇಲೆ ಅವನು ಯಾರೊಂದಿಗೂ ಮಾತಾಡಿದವನಲ್ಲ, ಭಾಷಣವೇ.

"ಏನೋ ನಿಜಗುಣಿ, ದಿನಾ ಏನ್ ಮಾಡತೀಯೋ ಮ್ಯಾಲ? ಊರ ಗುಡ್ಡ ಅದು. ಜವಾಬ್ದಾರಿ ನಂದೈತಿ. ಹೇಳಬೇಕು ನೀ."

ನಿಜಗುಣಪ್ಪನ ಅಂಗಿಯ ಕಿಸೆಯಲ್ಲಿ ಆ ದಿನ ಒಂದು ಮೊಬೈಲ್ ಹ್ಯಾಂಡ್‌ಸೆಟ್ ಇತ್ತು. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮಗ್ಗಕ್ಕೆ ಹೋಗುವ ಅವನ ಅಕ್ಕನ ಮಗ ಬಾಳು, ಬಣ್ಣದ ತೊಟ್ಟಿಯಲ್ಲಿ ಬಿದ್ದು ಸತ್ತದ್ದನ್ನು, ಅಂದರೆ ಹ್ಯಾಂಡ್‌ಸೆಟ್ಟನ್ನು, ಬಿಸಾಡಲು ಮನಸ್ಸಾಗದೆ ಹೋಳಿ ಹಬ್ಬಕ್ಕೆಂದು ಬಂದಾಗ ಮಾವನಿಗೆ ಕೊಟ್ಟು ಹೋಗಿದ್ದ. ಅದರಲ್ಲಿ ಸಿಮ್ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ನಿಜಗುಣಪ್ಪ ಅದರ ಬೆನ್ನಿನ ಖಾಲಿ ಬ್ಯಾಟರಿ ಗೂಡಿನಲ್ಲಿ ಎಲೆ ಅಡಿಕೆಗೆಂದು ಸುಣ್ಣ ಇಟ್ಟುಕೊಳ್ಳುತ್ತಿದ್ದ. ಮೆಂಬರನ ಕಣ್ಣು ಅದರ ಮೇಲೆ ಬಿತ್ತು. ನಿಜಗುಣಪ್ಪನ ಬಾಯಿಂದ ಮಾತು ತಾನೇ ಜಾರಿತು.

"ಮ್ಯಾಲ ರೇಂಜ್ ಸಿಗತೈತ್ರಿ."

ಹಣಮಂತಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಆಗ ಇಡೀ ಸಾಲಹಳ್ಳಿಯಲ್ಲಿ ಮೊಬೈಲು ಇದ್ದದ್ದು ಇಬ್ಬರಿಗೋ ಮೂವರಿಗೋ. ಅವರೂ ರಾಮದುರ್ಗದ ಬಸ್ಸು ಹತ್ತಿದ ಮೇಲೆಯೇ ಅದನ್ನು ಕಿಸೆಯಿಂದ ತೆಗೆಯುತ್ತಿದ್ದರು. "ರೇಂಜ್ ಸಿಗತೈತಿ?" ಎಂದು ಕೇಳಿ, ತಾನೇ ದಾರಿ ಬಿಟ್ಟ. ಆಳಿಗೆ ಮಾಲಕ ದಾರಿ ಬಿಟ್ಟದ್ದನ್ನು ಓಣಿಯ ಅರ್ಧ ಮಂದಿ ನೋಡಿದರು. ಉಳಿದರ್ಧಕ್ಕೆ ಸಾವಂತ್ರೆವ್ವ ಹೇಳಿದಳು.

ಹೀಗೆ ನಿಜಗುಣಪ್ಪನ ಬಂಗಾರದ ದಿನಗಳು ಬಂದವು. ಯಾರೂ ಕೇಳುವವರಿಲ್ಲ. ಒಂದೇ ಒಂದು ತಾಪತ್ರಯವೆಂದರೆ ಕೆಳಗಿನಿಂದ ಮಂದಿ ನೋಡುತ್ತಿದ್ದುದರಿಂದ ಆಗಾಗ ಹ್ಯಾಂಡ್‌ಸೆಟ್ಟು ಕಿವಿಗೆ ಹಿಡಿದು ಮಾತಾಡಬೇಕಾಗುತ್ತಿತ್ತು. ಬಂಡೆಯ ಮೇಲೆ ದನಿ ತೆಗೆದು ಆ ಜಾಗವನ್ನು ಹೊಲಸು ಮಾಡಲು ಅವನಿಗೆ ಮನಸ್ಸಾಗಲಿಲ್ಲ. ಮಗ್ಗದ ರೂಢಿಯಂತೆ ಬರೀ ತುಟಿ ಆಡಿಸಿದ. ಓತಿಕ್ಯಾತನ ಕಡೆ ನೋಡುತ್ತ, ತೋಚಿದ್ದನ್ನು ಹೇಳಿದ. 'ಏನಪಾ, ಬಂದ್ಯಾ? ಕುಂದರು. ಈ ಹಣಮಂತಪ್ಪನ ಬಾಯಿಗಿ ಒಂದ ಸ್ವಿಚ್ಚ ಇದ್ದಿದ್ರ ಎಷ್ಟ ಛಲೋ ಇತ್ತ ನೋಡು.' ಓತಿಕ್ಯಾತ ತಲೆ ಆಡಿಸಿತು. 'ಇವತ್ತ ಬದನಿಕಾಯಿ ಪಲ್ಯೆಕ್ಕ ಉಪ್ಪ ಜಗ್ಗಿ ಆಗಿತ್ತ.' ಅದಕ್ಕೂ ತಲೆ ಆಡಿಸಿತು.

ವಿಚಿತ್ರವೆಂದರೆ, ಮರುದಿನ ಪಲ್ಯದಲ್ಲಿ ಉಪ್ಪೇ ಇರಲಿಲ್ಲ. 'ಇವತ್ತ ಉಪ್ಪ ಹಾಕೋದ ಮರತಾಳ' ಎಂದು ಬಂಡೆಯ ಮೇಲೆ ಹೇಳಿದ. ಅದರ ಮರುದಿನ ಉಪ್ಪು ಸರಿಯಾಗಿತ್ತು. 'ರೊಟ್ಟಿ ಒಂಚೂರ ತೆಳ್ಳಗ ಬಡದಿದ್ರ' ಎಂದ. ಮೂರನೆಯ ದಿನ ರೊಟ್ಟಿ ಹಪ್ಪಳದಂತೆ ತಾಟಿನಲ್ಲಿ ಕುಳಿತಿತ್ತು. ಕೋಣನ ಬೆನ್ನಿಗೆ ಏನೋ ಸತ್ಯವಿದೆ ಎಂದು ನಿಜಗುಣಪ್ಪ ನಂಬಿದ. ಒಂದು ದಿನ ಗಾಳಿ ತಂಪಾಗಿತ್ತು, ದೂರದ ಹೊಲದಲ್ಲಿ ನವಿಲೊಂದು ಕೂಗಿ ಸುಮ್ಮನಾಗಿತ್ತು. ಅವನು ಓತಿಕ್ಯಾತನಿಗೆ ಯಾರಿಗೂ ಹೇಳದ ಒಂದು ಮಾತು ಹೇಳಿದ. 'ಊರಾಗಿನ ಎಲ್ಲಾ ದನಿ ನಿಂತರೂ ನಡದೀತು. ಕಂಡಿಕಿ ಸುತ್ತೂವಾಗ ನಮ್ಮ ದೇವಕ್ಕನ ಕೈಬಳಿ ಸಪ್ಪಳ ಬರತೈತಲ್ಲ, ಅದೊಂದ ಇರಲಿ.'

ಆ ವಾರ ದೇವಕ್ಕ ಯಾಕೋ ಸಂತೆಯಿಂದ ಹೊಸ ಹಸಿರು ಬಳೆ ಇಟ್ಟುಕೊಂಡು ಬಂದಳು. ನಿಜಗುಣಪ್ಪ ಅದನ್ನು ಗಮನಿಸಿದ. ಅದಕ್ಕೂ ಇದಕ್ಕೂ ಗಂಟು ಹಾಕುವಷ್ಟು ಬುದ್ಧಿ ಅವನಿಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮುಗಿಯಲಿಲ್ಲ. ಒಂದು ಮಧ್ಯಾಹ್ನ ಬಂದರಿಕಿ ಗಿಡಗಳನ್ನು ಮುರಿಯುತ್ತ, ಏದುಸಿರು ಬಿಡುತ್ತ, ಸಾವಂತ್ರೆವ್ವ ಗುಡ್ಡ ಹತ್ತಿ ಬಂದಳು. ಆಕೆಯ ಮಗ ಯುವರಾಜನೂ ಇಚಲಕರಂಜಿಯಲ್ಲಿದ್ದ. ಆರು ತಿಂಗಳಿಂದ ಊರಿಗೆ ಬಂದಿರಲಿಲ್ಲ.

"ತಮ್ಮಾ, ನಮ್ಮ ಯುವರಾಜಗ ಒಂದ ಫೋನ ಹಚ್ಚಿಕೊಡೊ."

"ಎಂಗೇಜ್ ಐತ್ರಿ ಕಾಕು," ಎಂದ ನಿಜಗುಣಪ್ಪ.

ಮರುದಿನವೂ ಬಂದಳು. "ಅವ ಈಗ ಮಗ್ಗದ ಪಾಳೇದಾಗ ಇರತಾನ್ರಿ, ಎತ್ತಂಗಿಲ್ಲ" ಎಂದ. ಮೂರನೆಯ ದಿನ ಆಕೆ ಕೇಳಲಿಲ್ಲ. ಅವನ ಕೈಯಿಂದ ಹ್ಯಾಂಡ್‌ಸೆಟ್ಟು ಕಿತ್ತುಕೊಂಡು, ಇಚಲಕರಂಜಿ ಯಾವ ದಿಕ್ಕಿಗಿದೆ ಎಂದು ವಿಚಾರಿಸಿ, ಆ ಕಡೆ ಮುಖ ಮಾಡಿ ನಿಂತಳು.

"ಯುವರಾಜಾ. ನಾ ನಿಮ್ಮವ್ವ. ಆರ ತಿಂಗಳಾತಲ್ಲೋ. ಎಮ್ಮಿ ಈದೈತಿ. ಹೆಣ್ಣಗರಾ ಹಾಕೈತಿ. ನಿನಗ ಗಿಣ್ಣ ತಿನ್ನಾಕ ಬ್ಯಾಡಾಗೇತನು? ಇದ ಶನಿವಾರ ಬರಬೇಕ ನೀ. ಬರಲಿಲ್ಲಂದ್ರ ನಾ ನಿನ್ನ ಅವ್ವನ ಅಲ್ಲ."

ಆ ದನಿಗೆ ಕವಜುಗಗಳು ಗುಂಪಾಗಿ ಹಾರಿದವು. ಓತಿಕ್ಯಾತ ಬಂಡೆಯ ಸಂದಿಯಲ್ಲಿ ಮಾಯವಾಯಿತು. ಸಾವಂತ್ರೆವ್ವ ಹ್ಯಾಂಡ್‌ಸೆಟ್ಟು ವಾಪಸು ಕೊಟ್ಟು, ಕಿವಿಗೆ ಹತ್ತಿದ ಸುಣ್ಣ ಒರೆಸಿಕೊಂಡಳು.

"ಏನಂದನ್ರಿ ಅವ?" ಎಂದು ನಿಜಗುಣಪ್ಪ ಭಯದಿಂದ ಕೇಳಿದ.

"ಏನ್ ಅಂತಾನ? ಸಣ್ಣಾವ ಇದ್ದಾಗಿಂದ ಹಂಗ ಅವ. ಬೈದ್ರ ತುಟಿ ಪಿಟಕ್ಕನ್ನಂಗಿಲ್ಲ. ಸುಮ್ನ ಕೇಳಸ್ಕೊಂಡ."

ಇಷ್ಟರಲ್ಲೇ ಮುಗಿದಿದ್ದರೂ ಚಿಂತೆಯಿರಲಿಲ್ಲ. ಆದರೆ ಶನಿವಾರ ಬೆಳಗಿನ ಬಸ್ಸಿಗೆ ಯುವರಾಜ ಬಂದಿಳಿದ. ಅವನ ಮಾಲಕ ಮಗ್ಗ ರಿಪೇರಿಗೆ ಬಿಟ್ಟು ಎಲ್ಲರಿಗೂ ವಾರ ರಜೆ ಕೊಟ್ಟಿದ್ದ. ಅದನ್ನು ಅವನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಾಯಿ ಅದರಲ್ಲಿ ಗಿಣ್ಣು ತುರುಕಿದಳು. ಸಂಜೆಯೊಳಗೆ ಕೋಣನ ಬೆನ್ನಿನ ಕೀರ್ತಿ ಆಚೆ ಊರು ಬಟಕುರ್ಕಿಯವರೆಗೆ ಹೋಗಿತ್ತು. ಅಲ್ಲಿಂದ ಮಾತಾಡಿದರೆ ಬರದ ಮಗ ಬರುತ್ತಾನೆ.

ಆಮೇಲೆ ಆದದ್ದನ್ನು ಹೇಳಲು ಹೊಟ್ಟೆ ಉರಿಯುತ್ತದೆ. ಮೊದಲು ಬಂದವನು ಎಸ್‌ಟಿಡಿ ಬೂತಿನ ಕಲ್ಮೇಶ. "ನನ್ನ ಅನ್ನಕ್ಕ ಕಲ್ಲ ಹಾಕಿದಿ ನೀ" ಎಂದು ನಿಜಗುಣಪ್ಪನ ಕಾಲರಿಗೆ ಕೈ ಹಾಕಲು ಹತ್ತಿದವನು, ಮೇಲೆ ಬಂದು ಸುತ್ತ ನೋಡಿ, ಕೈ ಕೆಳಗಿಳಿಸಿ, "ಜಾಗಾ ಬೆಷ್ಟ ಐತಲ್ಲೋ" ಎಂದ. ಮರುದಿನ ಅಲ್ಲೊಂದು ಛತ್ರಿ ಮೂಡಿತು. ಛತ್ರಿಯ ಕೆಳಗೆ ಚಹಾದ ಥರ್ಮಾಸು, ಚುರುಮುರಿಯ ಡಬ್ಬಿ. ಗುಡ್ಡದ ಬುಡದಿಂದ ಕಲ್ಲು ಕಲ್ಲಿಗೂ ಸುಣ್ಣದಲ್ಲಿ ಬಾಣ ಬರೆದು 'ರೇಂಜ್ ಕಡೆಗೆ' ಎಂದು ಬರೆಸಿದ. ಸುಣ್ಣ ಕಡಿಮೆ ಬಿದ್ದಾಗ ನಿಜಗುಣಪ್ಪನ ಹ್ಯಾಂಡ್‌ಸೆಟ್ಟಿನ ಕಡೆಗೇ ಕೈ ಚಾಚಿದ. ಅದರೊಳಗಿನ ಗುಟ್ಟು ಅವನಿಗೆ ತಿಳಿದಿರಲಿಲ್ಲ. ಯಾರಿಗೋ ಫೋನ್ ಹಚ್ಚಿ ಸುಣ್ಣ ತರಿಸೋಣ ಎಂಬ ವಿಚಾರವಿತ್ತು ಅಷ್ಟೇ.

ಆಮೇಲೆ ಹಣಮಂತಪ್ಪ ಬಂದ. ಅದಕ್ಕೆಂದೇ ರಾಮದುರ್ಗಕ್ಕೆ ಹೋಗಿ, ಬ್ಯಾಟರಿಯೂ ಸಿಮ್ಮೂ ಇರುವ, ಖರೇ ಹ್ಯಾಂಡ್‌ಸೆಟ್ಟು ಕೊಂಡು ತಂದಿದ್ದ. ಇನ್ನು ತನ್ನ ಸುಳ್ಳು ಬಯಲಾಗುತ್ತದೆ, ಅವಮಾನವಾಗುತ್ತದೆ, ಆದರೆ ಮಂದಿ ಇಳಿದು ಹೋಗುತ್ತಾರೆ ಎಂದು ನಿಜಗುಣಪ್ಪ ಒಳಗೊಳಗೇ ಹರ್ಷಪಟ್ಟ. ಹಣಮಂತಪ್ಪ ಬಂಡೆಯ ತುದಿಗೆ ಹೋಗಿ, ಕೋಣನ ಕೋಡಿನಂತಿದ್ದ ಕಲ್ಲಿನ ಮೇಲೆ ಒಂಟಿ ಕಾಲಲ್ಲಿ ನಿಂತು, ಕೈ ಮೇಲೆತ್ತಿದ.

"ಬಂತು. ಒಂದ ಕಡ್ಡಿ ಬಂತು."

ಸುಳ್ಳು ಹೇಳಿ ಸಿಕ್ಕಿಬಿದ್ದವರಿದ್ದಾರೆ. ಸುಳ್ಳು ಹೇಳಿ, ಅದು ಖರೇ ಆಗಿ ಸಿಕ್ಕಿಬಿದ್ದವನು ನಿಜಗುಣಪ್ಪ ಒಬ್ಬನೇ.

ಅಲ್ಲಿಂದ ಮುಂದೆ ಎರಡು ಗಂಟೆಗೆ ಮಗ್ಗ ನಿಂತರೆ ಓಣಿಯೇ ಗುಡ್ಡ ಹತ್ತತೊಡಗಿತು. ಮೊದಲೇ ಮಗ್ಗದ ಗಂಟಲು, ಮೇಲೆ ಇಚಲಕರಂಜಿ ದೂರದ ಊರು ಎಂಬ ತಿಳುವಳಿಕೆ. ಒಬ್ಬೊಬ್ಬರು ಕೂಗಿದ್ದು ಫೋನಿಲ್ಲದೆಯೂ ಅಲ್ಲಿಗೆ ಮುಟ್ಟುವಂತಿತ್ತು. ಫೋನಿದ್ದವರು ಐವರು, ಅವರು ಹೇಗೆ ಮಾತಾಡುತ್ತಾರೆಂದು ನೋಡಲು ಬಂದವರು ಐವತ್ತು. ಒಂಟಿ ಕಾಲಲ್ಲಿ ನಿಲ್ಲಲು ಪಾಳಿ ಹಚ್ಚಿದರು. ಪಾಳಿಗಾಗಿ ಜಗಳ ಹಚ್ಚಿದರು. ನಿಜಗುಣಪ್ಪನ ಅಳತೆಯ ನೆರಳಿನಲ್ಲಿ ಏಳು ಮಂದಿ ಕುಳಿತು ಎಲೆ ಅಡಿಕೆ ಉಗುಳಿದರು. ಕವಳಿ ಕಂಟಿಗಳು ಬೋಳಾದವು. ಓತಿಕ್ಯಾತ ಆ ಕಡೆ ಸುಳಿಯಲೇ ಇಲ್ಲ. ಅದಕ್ಕಾದರೂ ಹೋಗಲು ಬೇರೆ ಕಲ್ಲಿತ್ತು. ನಿಜಗುಣಪ್ಪನಿಗೆ ಕೆಳಗೆ ಖಾಲಿ ಓಣಿ ಇತ್ತಲ್ಲ, ಅಲ್ಲಿರಬಹುದಿತ್ತು ಎಂದು ನೀವು ಕೇಳಬಹುದು. ಅವನು ಹೋಗಿ ನೋಡಿದ. ಮೇಲಿನ ಗದ್ದಲವೆಲ್ಲ ನೇರ ಅವನ ಅಂಗಳಕ್ಕೇ ಇಳಿಯುತ್ತಿತ್ತು.

ದೊಡ್ಡ ಪೆಟ್ಟು ಇನ್ನೂ ಬರಬೇಕಿತ್ತು. ಹಣಮಂತಪ್ಪ ಒಂದು ಅರ್ಜಿ ಬರೆಸಿದ. ಒಂದೇ ಕಡ್ಡಿ ಬರುವಲ್ಲಿ ಒಂದು ಟಾವರೇ ನಿಂತರೆ ಎಷ್ಟು ಕಡ್ಡಿ ಬಂದಾವು ಎಂಬುದು ಅದರ ಸಾರ. ಯಾವುದೋ ಮೊಬೈಲ್ ಕಂಪನಿಯವರು ಬೆಳಗಾವಿಯಿಂದ ಸರ್ವೆಗೆ ಬರುತ್ತೇವೆಂದರು.

"ಕೋಣನ ಬೆನ್ನ ಮ್ಯಾಲ ಟಾವರ್," ಎಂದು ಹಣಮಂತಪ್ಪ ಶೆಡ್ಡಿನಲ್ಲಿ ಸಾರಿದ. "ಬಂಡಿ ಒಡದ ಪಾಯಾ ಹಾಕತಾರ. ಸುತ್ತ ತಂತಿ ಬೇಲಿ. ವಾಚ್‌ಮನ್ ಇರತಾನ. ಇದಕ್ಕೆಲ್ಲಾ ಕಾರಣ ಯಾರು? ನಮ್ಮ ನಿಜಗುಣಿ. ಸರ್ವೇದವರ ಮುಂದ ಅವಗ ಶಾಲ ಹೊಚ್ಚೂದೈತಿ."

ಆ ರಾತ್ರಿ ನಿಜಗುಣಪ್ಪ ಊಟ ಮಾಡಲಿಲ್ಲ. "ಬಂಡಿ ಒಡೀತಾರಂತ" ಎಂದ. ದೇವಕ್ಕ ತಾಟಿನ ಮುಂದೆ ಕುಳಿತಿದ್ದಳು. ಅವನ ಮುಖವನ್ನೇ ನೋಡುತ್ತಿದ್ದಳು. "ಅದೊಂದ ಜಾಗಾ ಇತ್ತು ನನಗ" ಎಂದು ಅವನು ತುಟಿಯಲ್ಲಷ್ಟೇ ಅಂದುಕೊಂಡ. ಆಕೆ ಬಳೆಯ ಕೈಯಿಂದ ರೊಟ್ಟಿ ಮುಚ್ಚಿಟ್ಟು, "ಆತು, ಮಕ್ಕೊ" ಎಂದಳು.

ಸರ್ವೆಯ ದಿನ ಗುಡ್ಡದ ಮೇಲೆ ಶಾಮಿಯಾನ, ಕುರ್ಚಿ, ಬ್ಯಾಟರಿಗೆ ಹಚ್ಚಿದ ಮೈಕು. ಮಧು ಎಂಬ ತರುಣ ಇಂಜಿನಿಯರು ಜೀಪಿನ ಡ್ರೈವರನ ಜೊತೆ ಬೆವರು ಒರೆಸುತ್ತ ಹತ್ತಿ ಬಂದ. ಬೂಟಿನೊಳಗೆ ಮುಳ್ಳು ಹೊಕ್ಕು ಕುಂಟುತ್ತಿದ್ದ. ಹಣಮಂತಪ್ಪ ನಲವತ್ತು ನಿಮಿಷ ಮಾತಾಡಿದ. ಆಮೇಲೆ ನಿಜಗುಣಪ್ಪನಿಗೆ ಶಾಲು ಹೊದಿಸಿ, ರೇಂಜ್ ಕಂಡುಹಿಡಿದ ಮಹನೀಯರು ಎರಡು ಮಾತಾಡಬೇಕು ಎಂದು ಮೈಕಿನ ಮುಂದೆ ನೂಕಿದ.

ನಿಜಗುಣಪ್ಪ ಜನ್ಮದಲ್ಲಿ ಮೊದಲ ಸಲ ಮೈಕಿನ ಮುಂದೆ ನಿಂತ. ತನ್ನದೇ ಉಸಿರು ನೂರು ಪಟ್ಟಾಗಿ ಕೇಳಿ ಬೆದರಿದ. ಆದರೂ ಬಂಡೆಯನ್ನು ಉಳಿಸಬೇಕಿತ್ತು.

"ನಾ ಸುಳ್ಳ ಹೇಳಿದ್ದೆ," ಎಂದ. "ನನ್ನ ಫೋನಿನಾಗ ಸಿಮ್ ಇಲ್ಲ. ಬ್ಯಾಟ್ರಿ ಇಲ್ಲ. ನೋಡ್ರಿ." ಹ್ಯಾಂಡ್‌ಸೆಟ್ಟಿನ ಬೆನ್ನು ಬಿಚ್ಚಿ ಎತ್ತಿ ಹಿಡಿದ. ಸುಣ್ಣ ಬೆಳ್ಳಗೆ ಹೊಳೆಯಿತು. "ನಾ ಸುಮ್ನ ಕುಂದರಾಕ ಬರತಿದ್ದೆ. ನಿಮ್ಮ ಗದ್ದಲ ತಡಕೊಳ್ಳಾಕ ಆಗಂಗಿಲ್ಲ ನನಗ. ಈ ಬಂಡಿ ಒಡೀಬ್ಯಾಡ್ರಿ."

ಸಾಲಹಳ್ಳಿಯ ನೇಕಾರರು ಮಗ್ಗ ನಿಂತಿದ್ದಾಗ ಸುಮ್ಮನಾದದ್ದು ಅದೊಂದೇ ಸಲ. ಬಂದರಿಕಿ ಕಾಯಿಗಳು ಗಿಲಿಗಿಲಿ ಎಂದವು. ನಿಜಗುಣಪ್ಪನ ಕಣ್ಣಲ್ಲಿ ನೀರು ಬಂತು.

ಸಾವಂತ್ರೆವ್ವ ಎದ್ದು ನಿಂತಳು. "ಬ್ಯಾಟ್ರಿ ಇದ್ದಿದ್ದಿಲ್ಲ?"

"ಇದ್ದಿದ್ದಿಲ್ರಿ ಕಾಕು."

"ಬ್ಯಾಟ್ರಿ ಇಲ್ಲದ ಫೋನಿನಾಗ ಮಾತಾಡಿದ್ದ ನಮ್ಮ ಯುವರಾಜಗ ಇಚಲಕರಂಜ್ಯಾಗ ಕೇಳಿಸ್ತು?" ಆಕೆ ಜನರ ಕಡೆ ತಿರುಗಿದಳು. "ಕೇಳಿದ್ರೆಲ್ಲೋ? ಬ್ಯಾಟ್ರಿ ಸುದ್ದಾ ಬೇಕಾಗಿಲ್ಲಂತ ಈ ಬಂಡಿಗಿ. ಎಂಥಾ ರೇಂಜ್ ಇರಬೇಕ ಇದು."

ಶಾಮಿಯಾನ ಚಪ್ಪಾಳೆಯಲ್ಲಿ ಅಲುಗಾಡಿತು. ಕಲ್ಮೇಶ ಆಗಲೇ ಬಂಡೆಗೆ ಅರಿಷಿಣ ಹಚ್ಚಲು ಹೊರಟಿದ್ದ. ಗದ್ದಲ ಬೇಡ ಎಂದ ಮಾತು ಯಾರಿಗೂ ತಾಗಲಿಲ್ಲ. ಏಕೆಂದರೆ ಅಲ್ಲಿದ್ದ ಪ್ರತಿಯೊಬ್ಬನೂ ಅದನ್ನು ಪಕ್ಕದವನಿಗೆ ಹೇಳಿದ್ದೆಂದು ತಿಳಿದಿದ್ದ. ನಿಜಗುಣಪ್ಪ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಕುಳಿತುಬಿಟ್ಟ.

ದೇವಕ್ಕ ಹೆಂಗಸರ ಸಾಲಿನ ಕೊನೆಯಲ್ಲಿದ್ದಳು. ಆಕೆ ಗಂಡನನ್ನು ನೋಡುತ್ತಿರಲಿಲ್ಲ. ದೂರದಲ್ಲಿ, ಜಾಲಿಯ ಆಚೆ, ಇಂಜಿನಿಯರು ಮುಳ್ಳು ಕೀಳುತ್ತ ಡ್ರೈವರನ ಕಿವಿಯಲ್ಲಿ ಏನೋ ಗೊಣಗುತ್ತಿದ್ದ. ಆ ಚಪ್ಪಾಳೆಯಲ್ಲಿ ಪಕ್ಕದಲ್ಲಿದ್ದ ಡ್ರೈವರನಿಗೂ ಅದು ಅರ್ಧ ಕೇಳಿಸಿತೋ ಇಲ್ಲವೋ. ದೇವಕ್ಕನಿಗೆ ಪೂರ್ತಿ ಕಂಡಿತು. ಆಕೆ ಎದ್ದು ಸೆರಗು ಸರಿಮಾಡಿಕೊಂಡು ಹಣಮಂತಪ್ಪನ ಕುರ್ಚಿಯ ಹಿಂದೆ ಹೋಗಿ ನಿಂತಳು.

"ಮಾಲಕರ, ಇಂಜನೇರ ಸಾಹೇಬ್ರು ಏನಂತಾರ ಗೊತ್ತನು? ಈ ಗುಡ್ಡಕ್ಕ ಕಬ್ಬಣಾ ಯಾವ ಮಗ ಹೊರಬೇಕು, ಕೆಳಗ ಕಾಣತೈತಲ್ಲ ಎರಡ ಅಂತಸ್ತಿನ ಮನಿ, ಅದರ ಮಾಳಗಿ ಸಿಕ್ಕಿದ್ರ ಟಾವರೂ ಕುಂದರತಿತ್ತು, ಅವರಿಗಿ ತಿಂಗಳಾ ಬಾಡಿಗಿನೂ ಬರತಿತ್ತು, ಅಂತ."

ಕೆಳಗೆ ಕಾಣುವ ಎರಡಂತಸ್ತಿನ ಮನೆ ಊರಲ್ಲಿ ಒಂದೇ. ಅದು ಹಣಮಂತಪ್ಪನದು. ಅವನು ಒಮ್ಮೆ ಇಂಜಿನಿಯರನನ್ನು ನೋಡಿದ, ಒಮ್ಮೆ ದೇವಕ್ಕನನ್ನು ನೋಡಿದ. ಆಕೆ ಓದಿದ ತುಟಿ ಎಂದೂ ತಪ್ಪಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಅವನು ಮೈಕು ಹಿಡಿದ.

"ಬಂಧುಗಳೇ," ಎಂದ. "ಈ ಬಂಡಿ ನಮ್ಮ ಹಿರ್ಯಾರದ್ದು. ಸತ್ಯ ಇರೂ ಬಂಡಿ. ಬ್ಯಾಟ್ರಿ ಇಲ್ಲದ ಫೋನ ನಡಸಿದ ಬಂಡಿ. ಇದಕ್ಕ ಉಳಿ ಹಚ್ಚತೇನಿ ಅಂದವರು ಮೊದಲ ನನ್ನ ಎದಿಗಿ ಹಚ್ಚಬೇಕು. ಊರ ಸಲುವಾಗಿ ನನ್ನ ಮನಿ ಮಾಳಗಿ ನಾ ತ್ಯಾಗ ಮಾಡತೇನಿ."

ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ತ್ಯಾಗಕ್ಕೆ ಬಾಡಿಗೆ ಎಷ್ಟು ಎಂಬುದನ್ನು ಮೆಂಬರನೂ ಇಂಜಿನಿಯರನೂ ಛತ್ರಿಯ ಹಿಂದೆ ಹೋಗಿ ಮಾತಾಡಿಕೊಂಡರು. ಆಗ ಮಾತ್ರ ಹಣಮಂತಪ್ಪ ಬಾಯಿಗೆ ಟವೆಲ್ಲು ಅಡ್ಡ ಹಿಡಿದಿದ್ದ.

ಮಳೆಗಾಲ ಮುಗಿಯುವುದರೊಳಗೆ ಟಾವರು ಎದ್ದಿತು. ಓಣಿಯ ಮನೆ ಮನೆಯಲ್ಲೂ, ಬಚ್ಚಲಲ್ಲೂ, ದನದ ಕೊಟ್ಟಿಗೆಯಲ್ಲೂ ಕಡ್ಡಿಗಳು ತುಂಬಿ ಬಂದವು. ಕಲ್ಮೇಶ ಛತ್ರಿ ಕಿತ್ತುಕೊಂಡು ಹೋಗಿ ಬೂತಿನಲ್ಲಿ ಸಿಮ್ ಮಾರಲು ಕುಳಿತ. ಗುಡ್ಡ ಹತ್ತುವ ಕೆಲಸ ಯಾರಿಗೂ ಉಳಿಯಲಿಲ್ಲ. ಬಾಣದ ಗುರುತುಗಳನ್ನು ಮಳೆ ತೊಳೆದು ಹಾಕಿತು. ಕವಳಿ ಚಿಗುರಿತು.

ದಸರೆಯ ಮುಂಚೆ ಒಂದು ಮಧ್ಯಾಹ್ನ ಮಗ್ಗ ನಿಂತಾಗ ನಿಜಗುಣಪ್ಪ ಅಳುಕುತ್ತಲೇ ಹತ್ತಿದ. ಜಾಲಿಯ ನೆರಳು ಒಬ್ಬನ ಅಳತೆಗೆ ಬಿದ್ದಿತ್ತು. ಎದುರಿನ ಕಲ್ಲಿನ ಮೇಲೆ ಕೆಂಪು ಗಂಟಲಿನ ಓತಿಕ್ಯಾತ ಇತ್ತು. ಅದೇ ಹಳೆಯದೋ, ಅದರ ಮಗನೋ, ಅವನು ವಿಚಾರಿಸಲಿಲ್ಲ. ರೂಢಿಯಂತೆ ಹ್ಯಾಂಡ್‌ಸೆಟ್ಟು ಕಿವಿಗೆ ಹಿಡಿದು, ತುಟಿಯಲ್ಲಿ, 'ಹಲೋ' ಎಂದ.

ಕೆಳಗೆ ಅವನ ಮನೆಯ ಮಾಳಿಗೆಯ ಮೇಲೆ ಏನೋ ಹಸಿರು ಹೊಳೆಯಿತು. ನೂಲು ಒಣಹಾಕಲು ಹತ್ತಿದ್ದ ದೇವಕ್ಕ ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದಳು. ಆಕೆಯ ಬಳೆಯ ಕೈಯಲ್ಲಿ ಒಂದು ಖಾಲಿ ಕಂಡಿಕಿ ಇತ್ತು. ಅದನ್ನು ಕಿವಿಗೆ ಹಿಡಿದು ಆಕೆ ತುಟಿ ಆಡಿಸಿದಳು. ಇಪ್ಪತ್ತು ವರ್ಷ ಮಗ್ಗ ನಡೆಸಿದವನಿಗೆ ಓದಲು ಕಷ್ಟವಾಗಲಿಲ್ಲ.

'ಹಲೋ. ಕೇಳಸ್ತೈತಿ.'

ನಿಜಗುಣಪ್ಪ ಕೈಯಲ್ಲಿದ್ದುದನ್ನು ನೋಡಿದ. ಮಾಳಿಗೆ ನೋಡಿದ. ಉಪ್ಪು, ರೊಟ್ಟಿ, ಹಸಿರು ಬಳೆ, ಎಲ್ಲವೂ ಒಂದರ ಹಿಂದೆ ಒಂದು ಕವಜುಗಗಳಂತೆ ಸಾಲಾಗಿ ಅವನ ತಲೆಯಲ್ಲಿ ಹಾದುಹೋದವು. ಹೊತ್ತಾಯಿತು, ಆದರೆ ಹಾದುಹೋದವು.

'ಯಾವಾಗಿಂದ?' ಎಂದು ತುಟಿಯಲ್ಲಿ ಕೇಳಿದ.

'ಮೊದಲನೇ ದಿನದಿಂದ. ಉಪ್ಪ ತೀರೈತಿ, ಇಳದ ಬರೂವಾಗ ಒಂದ ಕಿಲೋ ತಗೊಂಡ ಬಾ. ಮತ್ತ ಆ ಕೈಬಳಿ ಮಾತ ಅಂದಿದ್ದಿಯಲ್ಲ, ಅದನ್ನ ಇನ್ನೊಮ್ಮೆ ಅನ್ನು.'

ನಿಜಗುಣಪ್ಪ ಸುತ್ತ ನೋಡಿದ. ಬಂದರಿಕಿ ಗಿಡ, ಗಾಳಿ, ಓತಿಕ್ಯಾತ ಬಿಟ್ಟರೆ ಯಾರೂ ಇರಲಿಲ್ಲ. ಆದರೂ ನಾಚಿಕೆಯಾಗಿ ಹ್ಯಾಂಡ್‌ಸೆಟ್ಟು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ. ಆಮೇಲೆ ಅಂದ. ಮೊದಲನೆಯ ಸಲ ಅಂದದ್ದಕ್ಕಿಂತ ನಿಧಾನವಾಗಿ, ಒಂದಕ್ಷರ ಬಿಡದೆ ಅಂದ.

ಓತಿಕ್ಯಾತ ತಲೆ ಆಡಿಸಿತು. ಕೆಳಗೆ ಮಾಳಿಗೆಯ ಮೇಲೆ ದೇವಕ್ಕ ಕಂಡಿಕಿಯನ್ನು ಇನ್ನೂ ಕಿವಿಗೆ ಒತ್ತಿ ಹಿಡಿದು ನಿಂತಿದ್ದಳು. ಪಕ್ಕದ ಮಾಳಿಗೆ ಹತ್ತಿದ ಸಾವಂತ್ರೆವ್ವ ಅದನ್ನು ಕಂಡು, ತನ್ನ ಹೊಸ ಮೊಬೈಲು ಮಡಿಲಲ್ಲಿ ಕಟ್ಟಿಕೊಂಡು, ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು.

"ಯವ್ವಾ ದೇವಕ್ಕ, ಯಾವ ಕಂಪನೀದ ಅದು?"